ಬಚ್ಚಲ ನೆಲಕ್ಕೊಂದು ಎದುರುಗೈ

ನನ್ನ ಮನೆಯ ಬಚ್ಚಲ ನೆಲವನ್ನು ನಾನೇ ಒಡೆದೆ. ಸೋಮವಾರ ಬೆಳಿಗ್ಗೆ ತಿಂಡಿ ತಿಂದು, ಹಳೆಯ ಪ್ಯಾಂಟಿನ ಕಾಲು ಮಡಿಸಿಕೊಂಡು, ತಲೆಗೆ ಟವೆಲು ಸುತ್ತಿ, ಸುತ್ತಿಗೆ ಚಾಣ ಹಿಡಿದು ಒಳಗೆ ಹೋದವನು ಊಟದ ಹೊತ್ತಿಗೆ ಎಲ್ಲವನ್ನೂ ಪುಡಿ ಮಾಡಿ ಹೊರಗೆ ಬಂದೆ. ಅಷ್ಟು ಪೂರ್ತಿಯಾಗಿ ನಾನು ಜೀವಮಾನದಲ್ಲಿ ಬೇರೆ ಯಾವ ಕೆಲಸವನ್ನೂ ಮುಗಿಸಿದ್ದಿಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ರೆಪ್ಪೆಯ ಮೇಲೆಲ್ಲ ಸಿಮೆಂಟಿನ ಧೂಳು. ಅರವತ್ತೆಂಟು ವರ್ಷಕ್ಕೆ ಪರವಾಗಿಲ್ಲ ಧರಣೇಂದ್ರಯ್ಯ, ಎಂದು ನನಗೆ ನಾನೇ ಶಭಾಸ್ ಹೇಳಿಕೊಂಡೆ. ಆಮೇಲೆ ಕೈಕಾಲು ತೊಳೆಯೋಣವೆಂದು ತಿರುಗಿದರೆ, ತೊಳೆಯಲು ಬಚ್ಚಲು ಇರಲಿಲ್ಲ.

ನಮ್ಮೂರಲ್ಲಿ ಒಡೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಕಟ್ಟುವುದಕ್ಕೆ ಮಾತ್ರ ಎದುರು ಮನೆಯವರು ಬೇಕು. ನಿಮ್ಮ ಗೋಡೆಗೆ ನೀವೇ ಹೊಡೆದ ಮೊಳೆ ಬೆಳಿಗ್ಗೆಯ ಹೊತ್ತಿಗೆ ನೆಲದ ಮೇಲೆ ಬಿದ್ದಿರುತ್ತದೆ. ನೀವೇ ಮೆತ್ತಿದ ಗಾರೆ ಗಟ್ಟಿಯಾಗುವುದಿಲ್ಲ. ಬೇರೆ ಊರಿನಿಂದ ಮೇಸ್ತ್ರಿಯನ್ನು ಕರೆಸಿದರೂ ಅಷ್ಟೇ. ಗುಡಿಸುವುದು, ಒರೆಸುವುದು, ಅಡುಗೆ ಮಾಡುವುದು ಇದಕ್ಕೆಲ್ಲ ತೊಂದರೆಯಿಲ್ಲ. ಅಂಟಬೇಕಾದದ್ದು, ಹಿಡಿದು ನಿಲ್ಲಬೇಕಾದದ್ದು ಏನಿದ್ದರೂ ಎದುರು ಮನೆಯವರ ಕೈಯಿಂದಲೇ ಆಗಬೇಕು. ಅದಕ್ಕೆ ಎದುರುಗೈ ಅನ್ನುತ್ತೇವೆ. ಹೆಣ್ಣು ಕೊಡುವವರು ಹುಡುಗನ ಸಂಬಳ ಕೇಳುವ ಮುಂಚೆ ಎದುರುಗೈ ಯಾರದು ಎಂದು ಕೇಳುತ್ತಾರೆ. ಬೀದಿಯ ಕೊನೆಯಲ್ಲಿ, ಎದುರಿಗೆ ಬರೀ ಬಯಲಿರುವ ಮನೆಯೊಂದಿದೆ. ಅದರಲ್ಲಿ ಆಡುಗಳಿವೆ. ನಮ್ಮ ಜನ ಅಣ್ಣತಮ್ಮಂದಿರ ಜೊತೆ ಜಗಳವಾಡುತ್ತಾರೆ, ಬೀಗರ ಜೊತೆ ಆಡುತ್ತಾರೆ, ಎದುರು ಮನೆಯವರ ಜೊತೆ ಮಾತ್ರ ಆಡುವುದಿಲ್ಲ. ಹಾಗೆ ಆಡಿದವನು ನಮ್ಮ ಬೀದಿಯಲ್ಲಿ ಒಬ್ಬನೇ ಇದ್ದಾನೆ. ಅವನು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದ, ಈಗ ರಿಟೈರಾಗಿದ್ದಾನೆ, ಮತ್ತು ಈ ಕಥೆ ಹೇಳುತ್ತಿದ್ದಾನೆ.

ಒಡೆಯುವ ಅವಸರಕ್ಕೆ ಕಾರಣವಿತ್ತು. ನನ್ನ ಹೆಂಡತಿ ಚಂದ್ರಮತಿ ಎರಡು ತಿಂಗಳ ಹಿಂದೆ ಅದೇ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಿ, ಪಕ್ಕದೂರಿನ ತನ್ನ ತಂಗಿಯ ಮನೆಯಲ್ಲಿದ್ದಳು. ಬರುವ ವಾರದ ಶನಿವಾರ ವಾಪಸು ಬರುವುದೆಂದು ಗೊತ್ತಾಗಿತ್ತು. ಡಾಕ್ಟರು ಖಂಡಿತವಾಗಿ ಹೇಳಿದ್ದರು: ಕಟ್ಟೆ ದಾಟುವ ಹಾಗಿಲ್ಲ, ಬಗ್ಗುವ ಹಾಗಿಲ್ಲ, ಸ್ಟೂಲಿನ ಮೇಲೆ ಕೂತು ಶವರ್ ಕೆಳಗೆ ಸ್ನಾನ ಆಗಬೇಕು. ನಮ್ಮದು ಹಳೆಯ ಕಾಲದ ಬಚ್ಚಲು, ಮೊಳದೆತ್ತರದ ಕಟ್ಟೆ ದಾಟಿ ಒಳಗಿಳಿಯಬೇಕು. ಅದಕ್ಕೇ ನಾನು ಪೇಟೆಗೆ ಹೋಗಿ ಒಂದು ಶವರ್ ಟ್ರೇ ತಂದೆ. ದೊಡ್ಡ ಹರಿವಾಣದ ಹಾಗೆ ಅಗಲ, ಬೆಳ್ಳಗೆ, ಅಂಚು ಬೆರಳಿನಷ್ಟೂ ಎತ್ತರವಿಲ್ಲ. ಅಂಗಡಿಯವನು ಕಟ್ಟಿಕೊಡುತ್ತ ಹೇಳಿದ: “ಸಾರ್, ಟ್ರೇ ದೊಡ್ಡ ವಿಷಯ ಅಲ್ಲ. ಕೆಳಗಿನ ನೆಲ ಗಟ್ಟಿ ಇರಬೇಕು, ಒಂದು ಕೂದಲೆಳೆ ಏರುಪೇರು ಇರಬಾರದು. ಎಲ್ಲಾದರೂ ಟೊಳ್ಳಿದ್ದರೆ ಮೇಲೆ ನಿಂತ ದಿನ ಬಿರುಕು ಬಿಡುತ್ತೆ.” ನಾನು ನಕ್ಕು, “ಸಮತಟ್ಟು ಅಂದರೆ ಏನು ಅಂತ ನನಗೆ ಹೇಳಿಕೊಡಬೇಕಾ ಅಪ್ಪ?” ಅಂದೆ.

ಮಂಗಳವಾರ ನಾನೇ ಸಿಮೆಂಟು ಕಲಸಿದೆ. ಈ ಎದುರುಗೈ ಎನ್ನುವುದೆಲ್ಲ ಕೈ ಸರಿಯಿಲ್ಲದವರಿಗೆ. ಅಳತೆ ಗೊತ್ತಿರುವವನು ಸರಿಯಾಗಿ ಮಾಡಿದರೆ ಯಾಕೆ ನಿಲ್ಲುವುದಿಲ್ಲ ಎಂದು ನನ್ನ ವಾದ. ಬುಧವಾರ ಬೆಳಿಗ್ಗೆ ಹೋಗಿ ನೋಡಿದರೆ ನೆಲ ರಾಗಿ ಅಂಬಲಿಯ ಹಾಗಿತ್ತು. ಬೆರಳಿಟ್ಟರೆ ಗುಳುಂ ಎಂದು ಒಳಗೆ ಹೋಯಿತು. ಅಷ್ಟಕ್ಕೇ ಬುದ್ಧಿ ಬರಬೇಕಿತ್ತು. ಅವತ್ತು ಎದುರು ಮನೆಯ ಜಗಲಿಯ ಮುಂದೆ ಹೋಗಿ ಐದು ನಿಮಿಷ ನಿಂತೆ. ಅಲ್ಲಿಂದ ನೇರವಾಗಿ ಬೀದಿ ದಾಟಿ, ಯಾವ ಕಡೆಗೂ ತಿರುಗದೆ ಮನೆಯೊಳಗೆ ಬಂದು, ಎಡಗೈಯಲ್ಲಿ ಗಾರೆ ಮೆತ್ತಿದೆ. ಎದುರಿನಿಂದ ಬಂದ ಕೈ ಎದುರುಗೈ ಆಗಬಹುದಲ್ಲ! ಜಗಲಿಯ ಮೇಲೆ ಪೇಪರ್ ಓದುತ್ತ ಕೂತಿದ್ದ ಆ ಮನೆಯ ಯಜಮಾನ ದಾಸಪ್ಪ ಇದನ್ನೆಲ್ಲ ನೋಡಿದ. ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ, ಆದರೆ ತಡೆದ ನಗುವಿಗೆ ಅದು ಗಡಗಡ ಅಲುಗುತ್ತಿತ್ತು. ಗುರುವಾರ ಬೆಳಿಗ್ಗೆ ಮತ್ತೆ ಅಂಬಲಿ.

ದಾಸಪ್ಪ ಬಸ್ಸು ಓಡಿಸುತ್ತಿದ್ದವನು, ನನಗಿಂತ ಎರಡು ವರ್ಷ ದೊಡ್ಡವನು. ಅವನ ಹೆಂಡತಿ ಓಬಳಮ್ಮ. ನಮ್ಮ ಬೀದಿಯಲ್ಲಿ ನೆಲದ ಕೆಲಸಕ್ಕೆ ಅವಳಂಥ ಕೈ ಇನ್ನೊಂದಿಲ್ಲ. ಅವಳ ತವರಿನ ಎದುರಿಗೆ ಹದಿನಾರು ಕೋಣೆಯ ಮನೆಯಿತ್ತಂತೆ, ಹನ್ನೆರಡನೆಯ ವಯಸ್ಸಿಗೇ ಕರಣೆ ಹಿಡಿದವಳು. ನಮ್ಮ ಪಡಸಾಲೆಯ ನೆಲ ಅವಳದೇ. ಇವತ್ತಿಗೂ ಮುಖ ನೋಡಿಕೊಳ್ಳಬಹುದು. ಅಂಥವಳ ಮನೆಗೆ ಎದುರುಗೈ ಯಾರು? ನಾನು. ಹನ್ನೊಂದು ವರ್ಷದ ಹಿಂದೆ ಅವರು ಹೊಸ ಬಚ್ಚಲು ಮಾಡಿಸಿದಾಗ ನೆಲ ಹಾಕಿದವನು ನಾನೇ. ಡ್ರಾಯಿಂಗ್ ಬೋರ್ಡಿನ ಹಾಗೆ ಹಾಕಿದೆ. ರಸಮಟ್ಟವನ್ನು ಯಾವ ಕಡೆ ಇಟ್ಟರೂ ಅದರ ಗುಳ್ಳೆ ನಟ್ಟನಡುವೆ ಅಲುಗಾಡದೆ ನಿಲ್ಲುತ್ತಿತ್ತು. ಅವತ್ತು ದಾಸಪ್ಪ ತಲೆ ಕೆರೆದುಕೊಂಡು, “ಮೇಷ್ಟ್ರೇ, ಬಚ್ಚಲಿಗೆ ವಾಟ ಬೇಡವಾ? ನೀರು ತೂಬಿನ ಕಡೆ ಓಡಬೇಕಲ್ಲ?” ಅಂದ. ನಾನು ಅವನಿಗೆ ಅರ್ಧ ಗಂಟೆ ಪಾಠ ಮಾಡಿದೆ. ನೆಲ ಅಂದರೆ ಸಮ. ಸೊಟ್ಟಗಿರುವುದನ್ನು ನೆಲ ಅನ್ನುವುದಿಲ್ಲ, ದಿಬ್ಬ ಅನ್ನುತ್ತಾರೆ. ಅವನು ಒಪ್ಪಲಿಲ್ಲ, ಆದರೆ ಸುಮ್ಮನಾದ. ಮೂರು ತಿಂಗಳಿಗೆ ಓಬಳಮ್ಮ ನಿಂತ ನೀರಿನಲ್ಲಿ ಜಾರಿ ಎಡಮೊಣಕಾಲು ಕೆಡಿಸಿಕೊಂಡಳು. ಒಡೆದು ಮತ್ತೆ ಹಾಕಿಕೊಡಿ ಎಂದು ದಾಸಪ್ಪ ಕೇಳಿಕೊಂಡು ಬಂದಾಗ ನಾನು, “ನೆಲ ಸರಿಯಾಗೇ ಇದೆ. ಕಾಲು ಸರಿಯಿಲ್ಲದಿದ್ದರೆ ನಾನೇನು ಮಾಡಲಿ?” ಅಂದೆ. ಅಂದದ್ದು ಬೀದಿಯಲ್ಲಿ, ನಾಲ್ಕು ಜನರ ಮುಂದೆ.

ಅಲ್ಲಿಗೆ ಮಾತು ನಿಂತಿತು. ಎರಡು ಮನೆಗಳು ಬೀದಿಯ ಆಚೆ ಈಚೆ ನಿಂತು ಒಂದನ್ನೊಂದು ನೋಡುತ್ತ ಹಾಳಾಗತೊಡಗಿದವು. ಅವರ ಕಿಟಕಿಗೆ ರಟ್ಟು ಬಂತು, ನಮ್ಮ ನಲ್ಲಿಗೆ ಚಿಂದಿ ಬಂತು. ನಮ್ಮ ಬಚ್ಚಲಲ್ಲಿ ಒಂದು ಕಲ್ಲು ಸಡಿಲವಾಗಿ ಕಾಲಿಟ್ಟರೆ ಟಕ್ ಅನ್ನುತ್ತಿತ್ತು. “ಹೋಗಿ ಒಂದು ಮಾತು ಕೇಳ್ರೀ,” ಎಂದು ಚಂದ್ರಮತಿ ಆರು ವರ್ಷ ಹೇಳಿದಳು. ನಾನು ಆ ಕಲ್ಲಿನ ಮೇಲೆ ಗೋಣಿಚೀಲ ಹಾಸಿದೆ. ಅವಳು ಬಿದ್ದದ್ದು ಆ ಗೋಣಿಚೀಲದ ಮೇಲೆಯೇ.

ಗುರುವಾರ ಹತ್ತು ಗಂಟೆಗೆ ಅವಳ ಫೋನು ಬಂತು. “ಬಚ್ಚಲ ಕೆಲಸ ಎಲ್ಲಿಗೆ ಬಂತು?” “ನಡೀತಾ ಇದೆ,” ಅಂದೆ. “ಓಬಳಮ್ಮ ಬಂದಿದ್ದಳಾ?” “ಬರ್ತಾಳೆ.” ಆಮೇಲೆ ಅವಳು, “ಬಚ್ಚಲು ಆಗದಿದ್ದರೆ ನಾನು ಇಲ್ಲೇ ಇರ್ತೀನಿ ಕಣ್ರೀ. ಇಲ್ಲಿ ನನ್ನ ತಂಗಿ ದಿನಾ ಎತ್ತಿ ಕೂರಿಸಿ ಮೀಯಿಸ್ತಾಳೆ. ನನಗೆ ನಾಚಿಕೆ ಆಗುತ್ತೆ, ಆದರೂ ಇರ್ತೀನಿ. ಮತ್ತೆ ಬೀಳೋಕೆ ನನ್ನ ಕೈಲಾಗಲ್ಲ,” ಅಂದಳು. ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ತಿರುಗಿ ಹೇಳುತ್ತಿದ್ದೆ. ಅವಳು ಮೆಲ್ಲಗೆ ಹೇಳಿದಳು.

ಟವೆಲು ಹೆಗಲ ಮೇಲೆ ಹಾಕಿಕೊಂಡು ಬೀದಿ ದಾಟಿದೆ. ಹದಿನೈದು ಹೆಜ್ಜೆಯ ಬೀದಿ. ದಾರಿಯಲ್ಲಿ ಮೂರು ಬಗೆಯ ಮಾತು ತಯಾರು ಮಾಡಿಕೊಂಡೆ, ಮೂರರಲ್ಲೂ ನನ್ನ ತಪ್ಪು ಹೇಗೋ ತಪ್ಪಿಸಿಕೊಂಡು ಹೋಗುತ್ತಿತ್ತು. ದಾಸಪ್ಪ ಪೇಪರ್ ಮಡಿಸಿ ಪಕ್ಕಕ್ಕಿಟ್ಟ.

“ಏನು ಮೇಷ್ಟ್ರು, ಇವತ್ತು ಐದು ನಿಮಿಷ ನಿಲ್ಲೋದಾ ಹತ್ತು ನಿಮಿಷ ನಿಲ್ಲೋದಾ?”

“ದಾಸಪ್ಪ, ಚಂದ್ರಮತಿ ಬರ್ತಾಳೆ ಬರೋ ವಾರ ಶನಿವಾರ.”

“ಗೊತ್ತು.”

“ಬಚ್ಚಲು ಒಡೆದಿದ್ದೀನಿ.”

“ಅದೂ ಗೊತ್ತು. ಇಡೀ ಬೀದಿಗೆ ಕೇಳಿಸ್ತು.”

“ಮತ್ತೆ... ಎದುರುಗೈ ಬೇಕಲ್ಲ.”

“ನಮಗೂ ಬೇಕಾಗಿತ್ತು,” ಅಂದ ದಾಸಪ್ಪ. ಆಮೇಲೆ ಅವನು ಏನು ಹೇಳುವವನಿದ್ದನೋ, ಒಳಗಿನಿಂದ ಓಬಳಮ್ಮನ ಧ್ವನಿ ಬಂತು: “ಯಾರು, ಮೇಷ್ಟ್ರಾ? ಒಳಗೆ ಕರೀರಿ.”

ಅವಳು ಗೋಡೆ ಹಿಡಿದುಕೊಂಡು ಅಡುಗೆಮನೆಯಿಂದ ಹೊರಗೆ ಬಂದಳು. ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದಳು. ಅದನ್ನು ನಾನು ಹನ್ನೊಂದು ವರ್ಷದಿಂದ ಕಿಟಕಿಯಿಂದ ನೋಡಿದ್ದೆ, ಹತ್ತಿರದಿಂದ ನೋಡಿರಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮೈಯೆಲ್ಲ ಗಾರೆ. ಸ್ನಾನ ಮಾಡಿ ಎಷ್ಟು ದಿನ ಆಯ್ತು?” ಅಂದಳು. ಸೋಮವಾರದಿಂದ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತಿದ್ದೆ; ಹೇಳಲು ನಾಚಿಕೆಯಾಯಿತು. “ನೀರು ಕಾದಿದೆ. ಮೊದಲು ಸ್ನಾನ ಮಾಡಿ ಬನ್ನಿ. ಮಾತು ಆಮೇಲೆ.” ಬೇಡವೆನ್ನಲು ಬಾಯಿ ತೆರೆದೆ. ದಾಸಪ್ಪ ಆಗಲೇ ಬಚ್ಚಲಿನ ಬಾಗಿಲು ತೆರೆದು ಹಿಡಿದುಕೊಂಡು ನಿಂತಿದ್ದ. ಮೊದಲ ಸಲ ಅವನ ಮುಖದಲ್ಲಿ ಸಂತೋಷ ಕಂಡಿತು.

ನಾನು ಹಾಕಿದ ನೆಲವನ್ನು ಹನ್ನೊಂದು ವರ್ಷದ ಮೇಲೆ ನೋಡಿದೆ. ಹೇಳಿಕೊಳ್ಳಬಾರದು, ಆದರೂ ಮೊದಲು ಅನಿಸಿದ್ದು ಎಷ್ಟು ಚೆನ್ನಾಗಿ ಹಾಕಿದ್ದೀನಲ್ಲ ಎಂದೇ. ಎರಡು ಚೊಂಬು ಸುರಿದುಕೊಂಡೆ. ನೀರು ಎಲ್ಲಿಗೂ ಹೋಗಲಿಲ್ಲ. ಎಲ್ಲಿಗೆ ಹೋಗಬೇಕೆಂದು ಯಾರೂ ಅದಕ್ಕೆ ಹೇಳಿರಲಿಲ್ಲ. ನನ್ನ ಪಾದದ ಸುತ್ತ ನಿಂತು, ನನ್ನ ಮೈಯ ಗಾರೆ, ಸೋಪಿನ ನೊರೆ ಎಲ್ಲವನ್ನೂ ಸೇರಿಸಿಕೊಂಡು, ನಿಧಾನವಾಗಿ ನಾಲ್ಕು ಗೋಡೆಗೂ ಹರಡಿತು. ಆರನೇ ಚೊಂಬಿಗೆ ಬೆರಳು ಮುಳುಗಿದವು. ಹತ್ತನೇ ಚೊಂಬಿಗೆ ಬಾಗಿಲ ಸಂದಿಯಿಂದ ಹೊರಗೆ ಹೊರಟಿತು. ಆಚೆಯಿಂದ ದಾಸಪ್ಪ ಕೂಗಿದ: “ಮೇಷ್ಟ್ರೇ, ಮೂಲೆಯಲ್ಲಿ ಪೊರಕೆ ಇದೆ! ಬೇಗ ತಳ್ಳಿ, ಅಡುಗೆಮನೆಗೆ ಬರುತ್ತೆ!” ಬತ್ತಲೆ ಮೈಯಲ್ಲಿ, ಕಣ್ಣಿಗೆ ಸೋಪು ಹತ್ತಿಸಿಕೊಂಡು, ಬಗ್ಗಿ ಬಗ್ಗಿ ನೀರನ್ನು ತೂಬಿನ ಕಡೆ ತಳ್ಳಿದೆ. ತಳ್ಳಿದ್ದರಲ್ಲಿ ಅರ್ಧ ಹೋಗುತ್ತಿತ್ತು, ಅರ್ಧ ವಾಪಸು ಬಂದು ನನ್ನ ಕಾಲು ಮುಟ್ಟುತ್ತಿತ್ತು. ಎರಡು ಸಲ ಜಾರಿದೆ, ಎರಡನೆಯ ಸಲ ನಲ್ಲಿ ಹಿಡಿದುಕೊಂಡು ಉಳಿದೆ. ಹದಿನೈದು ನಿಮಿಷವಾಯಿತು. ಬಗ್ಗಲು ಬಾರದ ಕಾಲಿನ ಹೆಂಗಸು ಇದನ್ನು ದಿನಾ ಮಾಡುತ್ತಾಳೆ ಎಂಬುದು ನನ್ನ ಸೊಂಟ ಹಿಡಿದುಕೊಂಡ ಮೇಲೆ ನನ್ನ ತಲೆಗೆ ಹೊಳೆಯಿತು.

ಟವೆಲು ಸುತ್ತಿಕೊಂಡು ಹೊರಗೆ ಬಂದಾಗ ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ನೀರು ಸ್ವಲ್ಪ ನಿಲ್ಲುತ್ತೆ,” ಅಂದೆ.

“ಸ್ವಲ್ಪ?” ಅಂದಳು ಓಬಳಮ್ಮ.

“ತುಂಬಾ ನಿಲ್ಲುತ್ತೆ. ನೆಲ ತಪ್ಪಾಗಿದೆ. ತಪ್ಪು ಹಾಕಿದ್ದೀನಿ.”

ಆ ಮಾತು ಹೇಳಿದರೆ ಚಾವಣಿ ಕುಸಿಯುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಓಬಳಮ್ಮ ಸೆರಗಿಗೆ ಕೈ ಒರೆಸಿಕೊಂಡು, “ನಡೀರಿ, ನಿಮ್ಮ ಬಚ್ಚಲು ನೋಡೋಣ,” ಅಂದಳು. ದಾಸಪ್ಪ, “ಅಷ್ಟು ಸುಲಭಕ್ಕಾ?” ಎಂದು ರೇಗಿದ. ಅವಳು ಗೂಟದಿಂದ ಕರಣೆಯ ಚೀಲ ತೆಗೆದುಕೊಳ್ಳುತ್ತ ಹೇಳಿದಳು: “ಚಂದ್ರಕ್ಕನಿಗೋಸ್ಕರ ಬರ್ತಿರೋದು ನಾನು. ಹನ್ನೊಂದು ವರ್ಷ ಪ್ರತಿ ಮಂಗಳವಾರ ಹಿಂದಿನ ಬಾಗಿಲಿನಿಂದ ಬಂದು ನನ್ನ ಕಾಲಿಗೆ ಎಣ್ಣೆ ತಿಕ್ಕಿ ಹೋಗಿದ್ದಾಳೆ ಅವಳು.” ನನಗೆ ಇದು ಗೊತ್ತಿರಲಿಲ್ಲ. ಮಂಗಳವಾರ ಅವಳು ಭಜನೆಗೆ ಹೋಗುತ್ತಾಳೆ ಎಂದು ನಾನು ತಿಳಿದುಕೊಂಡಿದ್ದೆ. ಹನ್ನೊಂದು ವರ್ಷ ಭಜನೆಗೆ ಹೋದವಳ ಬಾಯಲ್ಲಿ ಒಂದು ಹಾಡೂ ಕೇಳಲಿಲ್ಲವಲ್ಲ ಎಂದು ಒಮ್ಮೆಯೂ ಯೋಚಿಸದವನು ನಾನು.

ಓಬಳಮ್ಮ ನಮ್ಮ ಬಚ್ಚಲಿನ ಹೊಸ್ತಿಲಲ್ಲಿ ನಿಂತು, ಕೋಲಿನಿಂದ ನೆಲವನ್ನು ಅಲ್ಲಲ್ಲಿ ಕುಟ್ಟಿ ಕೇಳಿಸಿಕೊಂಡಳು. ಆಮೇಲೆ ಕೋಲಿನ ತುದಿಯನ್ನು ಒಂದು ಕಡೆ ನಿಲ್ಲಿಸಿದಳು. “ಈ ಪೈಪಿನ ಕುತ್ತಿಗೆ ಯಾರು ಮುರಿದದ್ದು?” “ಹಳೇ ಪೈಪು. ತಾನಾಗೇ...” “ಚಾಣದ ಗುರುತಿದೆ ಮೇಷ್ಟ್ರೇ.” “ನಾನೇ,” ಅಂದೆ. ಒಂದೇ ದಿನದಲ್ಲಿ ಎರಡನೆಯ ತಪ್ಪೊಪ್ಪಿಗೆ. ಅಭ್ಯಾಸವಾಗಿಬಿಡುತ್ತದೇನೋ ಎಂದು ಗಾಬರಿಯಾಯಿತು.

ಕೆಲಸ ಶುರುವಾದಾಗ ಅವಳು ಹಾಕಿದ ಮೊದಲ ಕಟ್ಟಳೆ ನಾನು ಏನನ್ನೂ ಮುಟ್ಟಬಾರದೆಂಬುದು. ಕಲಸುವ ಹಾಗಿಲ್ಲ, ಕುಟ್ಟುವ ಹಾಗಿಲ್ಲ. ನೀರು ತಂದುಕೊಡಬಹುದು, ಒಡೆದ ಚೂರು ಹೊರಬಹುದು, ಕಾಫಿ ಮಾಡಬಹುದು. ಮೂವತ್ತೆರಡು ವರ್ಷ ಮಕ್ಕಳಿಗೆ ಗೆರೆ ಸೊಟ್ಟಗಾಯಿತೆಂದು ಸ್ಕೇಲಿನಲ್ಲಿ ಹೊಡೆದವನು ನಾನು, ಈಗ ನನ್ನ ಕಾಫಿ ನೀರಾಯಿತೆಂದು ದಾಸಪ್ಪ ಹೇಳಿದರೆ ಕೇಳಿಕೊಂಡು ಇನ್ನೊಂದು ಲೋಟ ಮಾಡಿದೆ. ಸಡಿಲ ಮಣ್ಣನ್ನೆಲ್ಲ ಗಟ್ಟಿ ನೆಲ ಸಿಗುವವರೆಗೆ ತೆಗೆಸಿದಳು. ಮುರಿದ ಪೈಪನ್ನು ಕತ್ತರಿಸಿ ಹೊಸ ತುಂಡು ಸೇರಿಸಿ, ಅದಕ್ಕೆ ವಾಟ ಕೊಟ್ಟು, ಒಂದು ಕೊಡ ನೀರು ಸುರಿಸಿ ಹಿತ್ತಲಿನ ಗುಂಡಿಯಲ್ಲಿ ಬೀಳುವುದನ್ನು ನನ್ನನ್ನು ಕಳಿಸಿ ನೋಡಿಸಿದಳು. ಆಮೇಲೆ ಜಲ್ಲಿ ಹರಡಿ, ದಾಸಪ್ಪನ ಕೈಗೆ ಭಾರದ ದಿಮ್ಮಸು ಕೊಟ್ಟು ಕುಟ್ಟಿಸಿದಳು. ಅದು ಒಂದೊಂದು ಸಲ ಬಿದ್ದಾಗಲೂ ನಮ್ಮ ಅಡುಗೆಮನೆಯ ಡಬ್ಬಿಗಳು ಕುಣಿದವು.

ಶುಕ್ರವಾರ ಮಧ್ಯಾಹ್ನ ಕಾಂಕ್ರೀಟು ಹಾಕಿದಳು. ಬಲಗಾಲು ಮಡಿಸಿ, ಎಡಗಾಲನ್ನು ಪಕ್ಕಕ್ಕೆ ನೀಟಾಗಿ ಚಾಚಿ ಕೂತು, ಒಳಗಿನ ಮೂಲೆಯಿಂದ ಬಾಗಿಲ ಕಡೆಗೆ ಮಟ್ಟಗೋಲಿನಲ್ಲಿ ಎಳೆಯುತ್ತ ಬಂದಳು. ಪ್ರತಿ ಗೇಣಿಗೂ ಆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಂದಕ್ಕೆ ಇಡಬೇಕಿತ್ತು. ನಾನು ಹೊಸ್ತಿಲಲ್ಲಿ ಕೂತು, ಕೇಳಿದಾಗ ರಸಮಟ್ಟ ಕೊಡುತ್ತಿದ್ದೆ. ಗುಳ್ಳೆ ನಡುವೆ ಬಂದು ನಿಂತಿತು. ಅಡ್ಡಕ್ಕೆ ಇಟ್ಟಳು, ಅಲ್ಲೂ ನಡುವೆ. “ನೋಡಿ ಮೇಷ್ಟ್ರೇ, ನಿಮಗೆ ಇಷ್ಟವಾದ ನೆಲ,” ಅಂದಳು. “ಟ್ರೇಗೆ ಅದರದೇ ವಾಟ ಇರುತ್ತೆ. ಕೆಳಗೆ ಇಂಥದ್ದೇ ಬೇಕು. ಇದಕ್ಕೂ ಒಂದು ಜಾಗ ಇದೆ.”

ದಾಸಪ್ಪ ನೀರು ಕುಡಿಯಲು ಹೊರಗೆ ಹೋಗಿದ್ದ. ನಾನು ಧೈರ್ಯ ಮಾಡಿದೆ. “ಓಬಳಮ್ನೋರೇ, ಅವತ್ತು ನಾನು ಒಂದು ಮಾತು ಹೇಳಿದ್ದೆ...”

“ಕಾಲು ಸರಿಯಿಲ್ಲ ಅಂದಿರಿ.” ಅವಳು ಕೆಲಸದಿಂದ ತಲೆ ಎತ್ತಲಿಲ್ಲ. “ನೆಲ ಕೆಡೋದು ಎಲ್ಲರಿಗೂ ಆಗುತ್ತೆ. ನನ್ನ ಕೈಯಲ್ಲೂ ಕೆಟ್ಟಿದೆ. ಕೆಟ್ಟರೆ ಒಡೆದು ಹಾಕೋದು, ಅದೇನು ದೊಡ್ಡದು? ಆದರೆ ನಾಲ್ಕು ಜನ ನಕ್ಕರು ಮೇಷ್ಟ್ರೇ. ನಾನು ಆಗ ಹಾಸಿಗೆ ಮೇಲಿದ್ದೆ. ಕಿಟಕಿ ತೆಗೆದಿತ್ತು.”

ಅದು ನೇರವಾಗಿ ಅವಳ ಕಿವಿಗೇ ಬಿದ್ದಿತ್ತು ಎಂದು ನನಗೆ ಗೊತ್ತಿರಲಿಲ್ಲ. ದಾಸಪ್ಪ ಹೇಳಿರುತ್ತಾನೆ ಎಂದುಕೊಂಡಿದ್ದೆ. ಅವನು ಹೇಳಿಯೇ ಇರಲಿಲ್ಲವಂತೆ. ನಾನು ಕ್ಷಮೆ ಕೇಳಿದೆ. ನನ್ನ ಧ್ವನಿ ಎಷ್ಟು ಸಣ್ಣಗಾಗಿತ್ತೆಂದರೆ ಅವಳು “ಏನು?” ಅಂದಳು. ಮತ್ತೊಮ್ಮೆ, ಜೋರಾಗಿ ಕೇಳಬೇಕಾಯಿತು. ಆಗಲೇ ಒಳಗೆ ಬಂದ ದಾಸಪ್ಪನಿಗೂ ಕೇಳಿಸಿತು. ಅವನು ಮರಳಿನ ಬುಟ್ಟಿ ಕೆಳಗಿಟ್ಟ. “ರಸಮಟ್ಟ ಇತ್ತ ಕೊಡಿ, ಇನ್ನೂ ಬಾಗಿಲ ತನಕ ಎಳೀಬೇಕು,” ಅಂದಳು ಓಬಳಮ್ಮ.

ಆ ಕಾಂಕ್ರೀಟಿನ ಮೇಲೆ ಒದ್ದೆ ಗೋಣಿ ಹೊದಿಸಿ ನಾಲ್ಕು ದಿನ ನೀರುಣಿಸಿದೆವು. ಬುಧವಾರ ಟ್ರೇ ಕೂರಿಸಿದಳು. ನೆಲದ ಮೇಲೆ ಗಾರೆಯ ಹಾಸು ಹರಡಿ, ಟ್ರೇಯನ್ನು ಅದರ ಮೇಲಿಟ್ಟು ಒತ್ತಿ, ಬೆರಳ ಗಂಟಿನಿಂದ ಟಕ್ ಟಕ್ ಎಂದು ಒಂದೊಂದು ಅಂಗುಲವೂ ಬಡಿದು ನೋಡಿದಳು. ನನಗೆ ಎಲ್ಲ ಕಡೆಯೂ ಒಂದೇ ಸದ್ದು ಕೇಳಿತು. “ಮುಗೀತಲ್ಲ!” ಅಂದೆ. ಅವಳು ಎಡಗಡೆಯ ಮೂಲೆಯನ್ನು ಮತ್ತೆ ಬಡಿದು, “ಇಲ್ಲಿ ಟೊಳ್ಳು,” ಅಂದಳು. ದಾಸಪ್ಪ ಕಿವಿಯಿಟ್ಟು ಕೇಳಿ, “ಏನೂ ಇಲ್ಲ ಬಿಡೇ,” ಅಂದ. ನಾನೂ ಇಲ್ಲ ಅಂದೆ. ಹನ್ನೊಂದು ವರ್ಷದಲ್ಲಿ ನಾವಿಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು, ಅದೂ ತಪ್ಪು. ಅವಳು ಟ್ರೇಯನ್ನು ಪೂರ್ತಿ ಎತ್ತಿಸಿದಳು. ಮೂಲೆಯಲ್ಲಿ ಒಂದು ಅಂಗೈಯಗಲ ಗಾರೆ ಟ್ರೇಯನ್ನು ಮುಟ್ಟಿಯೇ ಇರಲಿಲ್ಲ. ಹಾಸನ್ನೆಲ್ಲ ಕೆರೆದು ತೆಗೆದು ಮೊದಲಿನಿಂದ ಹರಡಿದಳು. ಬೇಸರದ ಒಂದು ಉಸಿರೂ ಬಿಡಲಿಲ್ಲ. ಒಣಗಿದ ಮೇಲೆ ದಾಸಪ್ಪನನ್ನು ಅದರ ಮೇಲೆ ನಿಲ್ಲಿಸಿದಳು. ಅವನ ತೂಕಕ್ಕೆ ಬಸ್ಸಿನ ಸೀಟುಗಳೇ ಕೂಗುತ್ತಿದ್ದವು. ಟ್ರೇ ತುಟಿ ಬಿಚ್ಚಲಿಲ್ಲ.

ಶನಿವಾರ ಚಂದ್ರಮತಿ ಬಂದಳು. ವಾಕರ್ ಹಿಡಿದು ಅಂಗುಲ ಅಂಗುಲವಾಗಿ ಬಚ್ಚಲಿನ ತನಕ ಹೋಗಿ, ಕಟ್ಟೆಯಿದ್ದ ಜಾಗದಲ್ಲಿ ಅಭ್ಯಾಸಬಲದಿಂದ ನಿಂತಳು. ಎತ್ತಬೇಕೆಂದುಕೊಂಡ ಕಾಲನ್ನು ಎತ್ತಬೇಕಾಗಿರಲಿಲ್ಲ. “ನೀವು ಆಚೆ ಇರಿ. ಬೇಕಾದರೆ ಕೂಗ್ತೀನಿ,” ಅಂದಳು. ನಾನು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತೆ. ಶವರಿನ ಸದ್ದು ತುಂಬ ಹೊತ್ತು ಕೇಳಿತು. ಅವಳು ಕೂಗಲೇ ಇಲ್ಲ. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು, ಸೋಪಿನಿಂದಲೋ ಏನೋ. “ಎರಡು ತಿಂಗಳ ಮೇಲೆ ನನ್ನ ಸ್ನಾನ ನಾನೇ ಮಾಡಿದೆ,” ಅಂದಳು. ತಲೆ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ ಕೇಳಿದಳು: “ಓಬಳಮ್ಮನ ನೆಲ ಯಾವಾಗ ಒಡೀತೀರಿ?”

ಸೋಮವಾರ ಒಡೆದೆ. ಈ ಸಲ ಪೈಪನ್ನು ಮುರಿಯಲಿಲ್ಲ. ನಾನು ಈ ಜನ್ಮದಲ್ಲಿ ಕಲಿತ ರೇಖಾಗಣಿತವನ್ನೆಲ್ಲ ಮರೆತು, ಗೋಡೆಯಿಂದ ತೂಬಿನವರೆಗೆ ದಾರ ಕಟ್ಟಿ, ತೂಬಿನ ಕಡೆಗೆ ಎರಡು ಬೆರಳು ಇಳಿಸಿ, ಮೂರು ದಿನ ಮೈಮುರಿದು ಸೊಟ್ಟ ನೆಲ ಹಾಕಿದೆ. ನೇರವಾದದ್ದನ್ನು ಹಾಕುವುದಕ್ಕಿಂತ ಸರಿಯಾಗಿ ಸೊಟ್ಟ ಹಾಕುವುದು ಎಷ್ಟು ಕಷ್ಟವೆಂದು ಯಾವ ಡ್ರಾಯಿಂಗ್ ಪುಸ್ತಕದಲ್ಲೂ ಬರೆದಿಲ್ಲ. ಗಟ್ಟಿಯಾದ ದಿನ ಎಲ್ಲರೂ ಬಂದರು. ಚಂದ್ರಮತಿಯನ್ನೂ ಕುರ್ಚಿಯಲ್ಲಿ ಕೂರಿಸಿ ಬೀದಿ ದಾಟಿಸಿದೆವು. ದಾಸಪ್ಪ ಒಂದು ಬಕೆಟ್ ನೀರು ಸುರಿದ. ನೀರು ಒಂದು ಕ್ಷಣ ಯೋಚನೆ ಮಾಡಿ, ಆಮೇಲೆ ಸರಸರನೆ ತೂಬಿನ ಕಡೆ ಹೋಯಿತು. “ಓ ಹೋ ಹೋ!” ಎಂದು ದಾಸಪ್ಪ ನನ್ನ ಬೆನ್ನು ತಟ್ಟಿದ. ಚಂದ್ರಮತಿ ನಕ್ಕಳು. ಎಲ್ಲ ನೀರು ಹೋದ ಮೇಲೆ ಬಾಗಿಲ ಹಿಂದಿನ ಮೂಲೆಯಲ್ಲಿ ಒಂದಿಷ್ಟು ಉಳಿದದ್ದನ್ನು ನಾನು ನೋಡಿದೆ. ಒಂದು ಚಪಾತಿಯಷ್ಟು ಅಗಲ.

ದಾಸಪ್ಪನೂ ನೋಡಿದ. “ಅಷ್ಟಕ್ಕೇನು ಮೇಷ್ಟ್ರೇ, ಬಿಡಿ. ಅಲ್ಲಿ ಯಾರು ಕಾಲಿಡ್ತಾರೆ?” ಅಂದ. ಬಿಡಬಹುದಿತ್ತು. ನನ್ನ ಕೈಯಲ್ಲಿ ಬೊಬ್ಬೆ ಎದ್ದಿದ್ದವು, ಸೊಂಟ ಎರಡು ತುಂಡಾಗಿತ್ತು, ಎಲ್ಲರೂ ಸಂತೋಷವಾಗಿದ್ದರು, ಕ್ಷಮಿಸಲು ಸಿದ್ಧರಿದ್ದರು. ನನ್ನ ಬಾಯಲ್ಲಿ ಆಗಲೇ ಒಂದು ಪಾಠ ತಯಾರಾಗುತ್ತಿತ್ತು: ಯಾವ ನೆಲದಲ್ಲೂ ಒಂದಿಷ್ಟು ನೀರು ನಿಲ್ಲುವುದು ಪ್ರಕೃತಿ ನಿಯಮ ಎಂಬಂಥದ್ದು. ಓಬಳಮ್ಮ ಮಾತ್ರ ಆ ಮೂಲೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅಡುಗೆಮನೆಗೆ ಹೋಗಿ ಅವಲಕ್ಕಿಗೆ ಒಗ್ಗರಣೆ ಹಾಕತೊಡಗಿದಳು. ಸಾಸಿವೆ ಸಿಡಿಯುವ ಸದ್ದು ಕೇಳಿತು.

ನಾನು ಸುತ್ತಿಗೆ ತೆಗೆದುಕೊಂಡೆ. “ಎಲ್ರೂ ಸ್ವಲ್ಪ ಹಿಂದೆ ಸರೀರಿ,” ಅಂದೆ. “ತಪ್ಪಾಗಿದೆ. ಒಡೀತೀನಿ.”

“ಮೇಷ್ಟ್ರಿಗೆ ತಲೆ ಕೆಟ್ಟಿದೆ!” ಎಂದ ದಾಸಪ್ಪ. ಮೊದಲ ಏಟಿಗೇ ಓಬಳಮ್ಮ ಸೌಟು ಹಿಡಿದುಕೊಂಡು ಬಾಗಿಲಿಗೆ ಬಂದಳು. ಅವಳು ನಕ್ಕದ್ದನ್ನು ನಾನು ನೋಡಿಲ್ಲ, ಧೂಳು ಎದ್ದಿತ್ತು. ನಕ್ಕಳೆಂದು ಚಂದ್ರಮತಿ ಆಮೇಲೆ ಹೇಳಿದಳು. “ಮೊದಲು ಅವಲಕ್ಕಿ ತಿನ್ನಿ,” ಅಂದಳು ಓಬಳಮ್ಮ. “ಒಡೆಯೋದು ಎಲ್ಲಿಗೂ ಓಡಿಹೋಗಲ್ಲ.”

ಇನ್ನೂ ಐದು ದಿನ ಬೇಕಾಯಿತು. ಈ ಸಲ ಅವಳು ಸ್ಟೂಲ್ ಹಾಕಿಕೊಂಡು ಬಾಗಿಲಲ್ಲೇ ಕೂತಿದ್ದಳು, ಅವಳ ಮನೆಯ ನೆಲವಾದ್ದರಿಂದ ಅವಳು ಮುಟ್ಟುವ ಹಾಗಿರಲಿಲ್ಲ. ಬಾಯಿಗೆ ಅಡ್ಡಿಯಿರಲಿಲ್ಲ. “ಅಲ್ಲಿ ಇಳಿಸಿ. ಅಷ್ಟಲ್ಲ. ಕರಣೆ ಒತ್ತಬೇಡಿ, ಸವರಿ. ಮೇಷ್ಟ್ರೇ, ನೆಲ ಹಾಕ್ತಿದ್ದೀರಾ, ಹಣೆಗೆ ಗಂಧ ಹಚ್ತಿದ್ದೀರಾ?” ನಾನು ಒಂದಕ್ಕೂ ಎದುರು ಹೇಳಲಿಲ್ಲ. ಹೇಳಲು ಉಸಿರಿರಲಿಲ್ಲ ಎಂಬುದೂ ನಿಜ.

ಮತ್ತೆ ಬಕೆಟ್ ನೀರು ಸುರಿದ ದಿನ ನಾನು ಯಾರನ್ನೂ ಕರೆಯಲಿಲ್ಲ. ಆದರೂ ಓಬಳಮ್ಮ ಬಂದು ಬೆನ್ನ ಹಿಂದೆ ನಿಂತಳು. ನೀರು ಹೋಯಿತು. ಬಾಗಿಲ ಹಿಂದಿನ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಮಂಡಿಯೂರಿ ಉಳಿದ ಮೂರು ಮೂಲೆಯನ್ನೂ ಮುಟ್ಟಿದೆ. ಎಲ್ಲ ಕಡೆ ಬರೀ ತೇವ. ನಾಲ್ಕನೆಯ ಮೂಲೆಯಲ್ಲಿ ಏಳಲಾಗದೆ ಅಲ್ಲೇ ಕೂತು ತೂಬನ್ನು ನೋಡುತ್ತಿದ್ದೆ. ಅದು ಕೊನೆಯ ನೀರನ್ನು ಗೊಳಕ್ ಎಂದು ನುಂಗಿತು.

“ಇನ್ನೂ ಏನು ನೋಡ್ತಾ ಕೂತಿದ್ದೀರಿ?” ಅಂದಳು ಓಬಳಮ್ಮ. ಅವಳ ಹೆಗಲ ಮೇಲೆ ಟವೆಲು ಇತ್ತು, ಕೈಯಲ್ಲಿ ಸೀಗೆಪುಡಿಯ ಡಬ್ಬಿ. “ಏಳಿ, ಆಚೆ ಹೋಗಿ. ನಾನು ತಲೆ ಮೇಲೆ ನೀರು ಹಾಕ್ಕೋಬೇಕು.”

ಆಚೆ ಬಂದೆ. ಜಗಲಿಯ ಮೇಲೆ ದಾಸಪ್ಪ ಸರಿದು ಜಾಗ ಕೊಟ್ಟ. ಒಳಗೆ ಚೊಂಬಿನ ಸದ್ದು ಶುರುವಾಯಿತು. ನಾವು ಕೇಳುತ್ತ ಕೂತೆವು. ಹತ್ತಾಯಿತು, ಇಪ್ಪತ್ತಾಯಿತು, ಎಣಿಕೆ ತಪ್ಪಿತು. “ಹಂಡೆ ಪೂರ್ತಿ ಖಾಲಿ ಮಾಡ್ತಾಳೆ ಇವಳು,” ಎಂದು ದಾಸಪ್ಪ ಗೊಣಗಿದ. ಗೊಣಗಿದವನೇ ಎದ್ದು, ಹಿತ್ತಲಿಗೆ ಹೋಗಿ, ಒಲೆಗೆ ಇನ್ನೆರಡು ಸೌದೆ ತಳ್ಳಿ ಬಂದ.